ಮೂರನೆಯ ತಗಡು

ಪುಣೆಯ ಭೋಸರಿಯಲ್ಲಿ ನಮ್ಮ ಎದುರು ಖೋಲಿಯಲ್ಲಿ ಕಾರ್ಖಾನೆಯ ಲೇತ್ ಯಂತ್ರದ ಕೆಲಸದವರೊಬ್ಬರು ಒಂಟಿಯಾಗಿದ್ದರು, ವಿಜಯಪುರದ ಕಡೆಯವರು. ಬಾಗಿಲಿಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತಿದ್ದರು. ಒಳಗೆ ಕಳ್ಳ ಒಯ್ಯುವಂಥದ್ದು ಏನೂ ಇರಲಿಲ್ಲ. ಸಂಬಳದಲ್ಲಿ ಉಳಿದದ್ದೆಲ್ಲ ಬಿಟ್‌ಕಾಯಿನ್ ಆಗುತ್ತಿತ್ತು. "ನಮ್ಮ ಕೀಲಿ ನಮ್ಮ ಕಡೇನ ಇರಬೇಕ್ರಿ" ಎಂಬುದು ಅವರ ಮಾತು.

ಒಂದು ಸಂಜೆ ಕೆಲಸದಿಂದ ನೇರ ನಮ್ಮಲ್ಲಿಗೆ ಬಂದು, ಅಂಗೈ ಅಗಲದ ಉಕ್ಕಿನ ತಗಡೊಂದನ್ನು ನನ್ನ ಕೈಗಿಟ್ಟರು. ಅದರ ಮೇಲೆ ಒಂದೊಂದೇ ಅಕ್ಷರ ಪಂಚ್ ಹೊಡೆದು ಇಂಗ್ಲಿಷ್ ಶಬ್ದಗಳನ್ನು ಮೂಡಿಸಿದ್ದರು. ಆ ಶಬ್ದಗಳೇ ಕೀಲಿಯಂತೆ. ಇಂಥವು ಮೂರು ಇವೆ, ಯಾವ ಎರಡು ಸೇರಿದರೂ ಹಣ ಸಿಗುತ್ತದೆ, ಒಂದರಿಂದಲೇ ಏನೂ ಸಿಗದು. ಅದಕ್ಕೇ ಒಂದನ್ನು ತಾವಿಟ್ಟುಕೊಂಡು ಉಳಿದೆರಡನ್ನು ನಂಬಿಕೆಯ ಇಬ್ಬರಿಗೆ ಕೊಡಬೇಕು ಎಂದು ತಿಳಿಸಿ ಹೇಳಿದರು.

"ನನಗ ಯಾಕ್ರಿ?" ಎಂದೆ.

"ದಿನಾ ಊಟ ಆತೇನ್ರಿ ಅಂತ ಕೇಳ್ತೀರಲ್ರಿ."

ಮೆಟ್ಟಿಲಲ್ಲಿ ಎದುರಾದಾಗ ಸುಮ್ಮನೆ ಬಾಯಿಗೆ ಬರುವ ಮಾತು ಅದು. ಉತ್ತರ ಕೇಳಲು ನಾನು ಒಮ್ಮೆಯೂ ನಿಂತವನಲ್ಲ.

"ಉಳಿದವು ಯಾರ ಕಡೆ ಅದಾವ್ರಿ?" ಎಂದು ಕೇಳಿದೆ.

"ಒಂದು ನನ್ನ ಮನ್ಯಾಗ ಅದ."

"ಇನ್ನೊಂದು?"

ಹೆಗಲಿನಲ್ಲಿದ್ದ ಊಟದ ಚೀಲವನ್ನು ಅವರು ಮೆಲ್ಲಗೆ ಅಲುಗಿಸಿದರು. ಒಳಗೆ ಖಾಲಿ ಡಬ್ಬಿಗೆ ತಗಡು ತಾಗಿ ಸದ್ದಾಯಿತು.

"ಯಾರರೆ ಸಿಕ್ರ ಕೊಡೂಣು ಅಂತ ದಿನಾ ಒಯ್ತೀನ್ರಿ. ಎರಡು ವರ್ಷ ಆತು. ದಿನಾ ವಾಪಸ್ ತರ್ತೀನಿ."