ಸಹಿ ಹಾಕದ ಹನ್ನೊಂದು ದಿನ

ನಮ್ಮ ಮನೆಗೆ ಬಂದ ಅತಿಥಿಯ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಅವರ ಮಗಳು ಇನ್ನೂ ಅಲ್ಲೇ ಇದ್ದಾಳೆ. ಬಹಳ ವರ್ಷ ಸೈನ್ಯದ ಕೈಯಲ್ಲಿದ್ದು, ಈಚೆಗಷ್ಟೇ ಮೊದಲ ಸಲ ಮತ ಹಾಕಿದ ದೇಶ ಎಂದರೆ ಸಾಕು. ಅಲ್ಲಿನ ಹೊಸ ಸರ್ಕಾರಕ್ಕೂ ಅಮೆರಿಕಕ್ಕೂ ಸಹಭಾಗಿತ್ವದ ಒಪ್ಪಂದವಾಗಿತ್ತು. ಅದರಂತೆ ಐದು ಮಂದಿ ಚುನಾವಣಾ ಅಧಿಕಾರಿಗಳು, ಇಲ್ಲಿ ಅಂಚೆಯ ಮೂಲಕ ಮತದಾನ ಹೇಗೆ ನಡೆಯುತ್ತದೆ ಎಂದು ನೋಡಲು ಸಿಯಾಟಲ್‌ಗೆ ಬಂದರು. ಅವರನ್ನು ಊರಿನವರ ಮನೆಗಳಲ್ಲೇ ಇಳಿಸಬೇಕೆಂದು ಭೇಟಿಯನ್ನು ಏರ್ಪಡಿಸಿದ ಕಾರ್ಯಕ್ರಮದವರ ಆಸೆ. ಸಿಯಾಟಲ್ ಹತ್ತಿರದ ಇಸ್ಸಾಕ್ವಾದ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು, ಹೆಸರು ಕೊಟ್ಟೆ.

ಕುತೂಹಲಕ್ಕೆ ಕಾರಣ ನನ್ನ ಅಮ್ಮ. ಮಂಡ್ಯದ ಕಡೆ ಶಾಲೆಯ ಟೀಚರಾಗಿದ್ದ ಅವಳು ಎಷ್ಟೋ ಸಲ ಎಲೆಕ್ಷನ್ ಡ್ಯೂಟಿ ಮಾಡಿದವಳು. ಮತಪೆಟ್ಟಿಗೆಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಲಾರಿಯಲ್ಲಿ ಬಂದದ್ದನ್ನು ಇವತ್ತಿಗೂ ಹೇಳುತ್ತಾಳೆ.

ನಮ್ಮ ಮನೆಗೆ ಬಂದವರು ಐವತ್ತು ದಾಟಿದ ಹೆಂಗಸು. ಮೊದಲು ಗಣಿತದ ಮೇಡಂ ಆಗಿದ್ದರಂತೆ. ನಾವು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆವು. ನಮ್ಮೂರಲ್ಲಿ ಬೆರಳಿಗೆ ಶಾಯಿ ಹಚ್ಚುವ ವಿಷಯ ಹೇಳಿದಾಗ ಅವರ ಮುಖ ಅರಳಿತು.

“ನಮ್ಮಲ್ಲೂ ಹಚ್ಚಿದ್ವಿ. ಅದು ಅಳಿಸಿಹೋಗಬಾರದು ಅಂತ ಜನ ಒಂದು ವಾರ ಆ ಬೆರಳಿಗೆ ನೀರು ತಾಗಿಸಲಿಲ್ಲ” ಎಂದರು.

ಅವರು ಬಂದ ನಾಲ್ಕನೆಯ ದಿನ ಶನಿವಾರ. ಬೆಳಗ್ಗೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಅವರ ಕಚೇರಿಯ ಸಹಾಯಕಿ ಫೋನ್ ಮಾಡಿದಳು. ಕೈ ಒದ್ದೆ ಎಂದು ಸ್ಪೀಕರ್ ಹಾಕಿದರು. ಭಾಷೆ ನನಗೆ ತಿಳಿಯಲಿಲ್ಲ, ಗಾಜು ಒಡೆದದ್ದು ತಿಳಿಯಿತು. ಆ ಹುಡುಗಿ ಚೀರಿದಳು. ಆಮೇಲೆ ಒಬ್ಬ ಗಂಡಸು ಫೋನು ಕಿತ್ತುಕೊಂಡು, ಸ್ವಲ್ಪವೂ ದನಿ ಏರಿಸದೆ ಮಾತಾಡಿ ಇಟ್ಟುಬಿಟ್ಟ.

“ಏನಂದ?” ಎಂದೆ.

“ಬೇಗ ವಾಪಸ್ ಬನ್ನಿ, ಏರ್‌ಪೋರ್ಟಿನಲ್ಲೇ ಕಾಯ್ತಿರ್ತೀವಿ ಅಂದ.” ಅವರು ಮತ್ತೆ ಕಾಳಿಗೆ ಕೈ ಹಾಕಿದರು. ಹಿತುಕಲು ಆಗಲಿಲ್ಲ.

ಸಂಜೆಯೊಳಗೆ ಸುದ್ದಿ ಬಂತು. ಸೈನ್ಯ ಮತ್ತೆ ಅಧಿಕಾರ ಹಿಡಿದಿತ್ತು. ಸೋಮವಾರ ಕಾರ್ಯಕ್ರಮದವರು ನನಗೆ ಫೋನ್ ಮಾಡಿ, ಎಲ್ಲವನ್ನೂ ನಿಲ್ಲಿಸಲಾಗಿದೆ, ವಾಷಿಂಗ್ಟನ್ ಪರಿಸ್ಥಿತಿಯನ್ನು ಗಮನಿಸುತ್ತಿದೆ ಎಂದರು. ಅತಿಥಿಯ ವೀಸಾ ಮುಗಿಯಲು ಮೂರು ವಾರವಿತ್ತು.

ಅವರು ನಮ್ಮಲ್ಲೇ ಉಳಿದರು. ಗುಡ್ಡದ ಮೇಲಿನ ನಮ್ಮ ಬಡಾವಣೆಯಿಂದ ಕಾರಿಲ್ಲದೆ ಇಳಿಯುವುದು ಕಷ್ಟ. ನಾನು ಈಸ್ಟ್‌ಗೇಟಿನ ಆಫೀಸಿಗೆ, ನನ್ನ ಗಂಡ ತಮ್ಮ ಆಫೀಸಿಗೆ ಹೊರಟ ಮೇಲೆ ಅತಿಥಿ ಒಬ್ಬರೇ. ಒಂದೇ ತರಹದ ಮನೆಗಳ ನಡುವೆ ಅದೇ ಒಂದು ಸುತ್ತನ್ನು ದಿನಕ್ಕೆ ಆರು ಸಲ ನಡೆಯುತ್ತಿದ್ದರು. ಯಾವ ಮನೆಯ ಗ್ಯಾರೇಜು ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಅವರಿಗೆ ಬಾಯಿಪಾಠವಾಗಿತ್ತು.

ಆಶ್ರಯ ಕೇಳಿ ಅವರ ಪರವಾಗಿ ಅರ್ಜಿ ಹಾಕಲು ಒಬ್ಬ ವಕೀಲೆ ಒಪ್ಪಿದರು. ಅರ್ಜಿ ಹಾಕಿದರೆ ಅದು ತೀರ್ಮಾನವಾಗುವವರೆಗೆ ಇಲ್ಲಿಂದ ಕದಲುವಂತಿಲ್ಲ. ಮಗಳ ಮುಖ ನೋಡುವುದು ಯಾವಾಗಲೋ. ಅತಿಥಿಯನ್ನು ಬಿಟ್ಟರೆ ಆ ಫೋನ್ ಕರೆಯನ್ನು ಕೇಳಿದವಳು ನಾನೊಬ್ಬಳೇ ಆದ್ದರಿಂದ ನನ್ನ ಹೇಳಿಕೆ ಬೇಕೆಂದರು ವಕೀಲೆ. ಒಂದೂವರೆ ಪುಟ. ಕೊನೆಯಲ್ಲಿ ನನ್ನ ಸಹಿ, ವಿಳಾಸ, ವೀಸಾದ ವಿವರ.

ನನ್ನ ಗಂಡ ಅದನ್ನು ಎರಡು ಸಲ ಓದಿದರು. “ನಮ್ಮದೇ ಗ್ರೀನ್ ಕಾರ್ಡ್ ಹನ್ನೆರಡು ವರ್ಷದಿಂದ ಪೆಂಡಿಂಗ್ ಇದೆ. ಈಗಿನ ಟೈಮಲ್ಲಿ ನಿನ್ ಹೆಸರು ಆ ಫೈಲಲ್ಲಿ ಯಾಕೆ? ನಾಳೆ ವೀಸಾ ರಿನ್ಯೂವಲ್‌ನಲ್ಲಿ ಏನಾದ್ರೂ ಕೇಳಿದ್ರೆ?”

“ನಾನು ಕೇಳಿದ್ದನ್ನೇ ತಾನೆ ಬರೀತಿರೋದು?”

“ನಿಜ ಸುಳ್ಳಿನ ಪ್ರಶ್ನೆ ಅಲ್ಲ ಕಣೆ. ನಾವೇ ಇಲ್ಲಿ ಗೆಸ್ಟ್‌ಗಳು.”

ಗಂಡನನ್ನು ದೂರಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಹೆದರಿದ್ದು ನಾನೂ. ಅಪ್ಪ ತೀರಿಕೊಂಡಾಗಲೂ, ಮರಳಿ ಬರಲು ವೀಸಾ ಸ್ಟಾಂಪಿಂಗ್ ಸಿಗದೆ ಹೊರಗೇ ಉಳಿದುಬಿಟ್ಟರೆ ಎಂಬ ಹೆದರಿಕೆಗೆ ಊರಿಗೆ ಹೋಗದೆ, ಕ್ರಿಯೆಯನ್ನೆಲ್ಲ ಫೋನಿನಲ್ಲಿ ನೋಡಿದವಳು ನಾನು. ಆ ಕಾಗದವನ್ನು ಲ್ಯಾಪ್‌ಟಾಪ್ ಚೀಲದಲ್ಲಿಟ್ಟುಕೊಂಡು ಹನ್ನೊಂದು ದಿನ ಆಫೀಸಿಗೂ ಮನೆಗೂ ಹೊತ್ತೆ. ಅತಿಥಿ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಹನ್ನೊಂದನೆಯ ದಿನ ಆಫೀಸಿನಿಂದ ಬಂದಾಗ ಅವರ ಸೂಟ್‌ಕೇಸು ಬಾಗಿಲಲ್ಲಿತ್ತು. ವುಡಿನ್‌ವಿಲ್‌ನ ವಯಸ್ಸಾದ ದಂಪತಿ ಒಂದು ಕೋಣೆ ಕೊಡಲು ಒಪ್ಪಿದ್ದರು.

“ಯಾಕೆ ಹೊರಟ್ರಿ?” ಎಂದು ಕೇಳುವಷ್ಟು ನಾಚಿಕೆಗೆಟ್ಟೆ.

“ನಿಮ್ಮ ಭಾಷೆ ನನಗೆ ಬರಲ್ಲ. ನಿಮ್ಮ ಧ್ವನಿ ಅರ್ಥ ಆಗತ್ತೆ” ಎಂದರು. ಕೋಪವಿರಲಿಲ್ಲ. “ನಲವತ್ತು ವರ್ಷ ನಾನೂ ಮನೇಲಿ ಹಾಗೇ ಮೆಲ್ಲಗೆ ಮಾತಾಡಿದೀನಿ.”

ಅವರು ಹೋದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬದಲಿಗೆ ಅವಳು ಹೇಳಿದಳು, “ಒಂದ್ ಸಲ ಒಬ್ಬ ಗೌಡ ಬೂತ್‌ಗೇ ನುಗ್ಗಿ ಪೆಟ್ಗೆ ಕೊಡು ಅಂದಿದ್ದ ಕಣವ್ವ. ನಾನು ಕೊಡ್ನಿಲ್ಲ. ಧೈರ್ಯಕ್ಕಲ್ಲ. ಕೊಟ್ರೆ ರಿಪೋರ್ಟಲ್ಲಿ ಏನ್ ಬರೀಬೇಕು ಅಂತ ಗೊತ್ತಾಗ್ನಿಲ್ಲ. ಈಗ ನೀನ್ ಏನ್ ಬರ್ದೆ?”

ಆ ಕಾಗದದ ಕೊನೆಯಲ್ಲಿ ನನ್ನ ಹೆಸರನ್ನೂ ಬರೆದಿರಲಿಲ್ಲ. ಮಾರನೆಯ ದಿನ ರಜೆ ಹಾಕಿ ವಕೀಲೆಯ ಕಚೇರಿಯಲ್ಲಿ ಸಹಿ ಮಾಡಿದೆ. ಅರ್ಜಿ ನನ್ನ ಹೇಳಿಕೆಯಿಲ್ಲದೆಯೇ ಹೋಗಿತ್ತು. “ಈಗಲೂ ಸೇರಿಸಬಹುದು” ಎಂದರು ವಕೀಲೆ, ತಲೆ ಎತ್ತದೆ. ಗಂಡನಿಗೆ ಸಂಜೆ ಹೇಳಿದೆ. ಅವರು ನಮ್ಮ ವೀಸಾ ಕಾಗದಗಳ ಫೈಲನ್ನು ಹೊರತೆಗೆದರು. ಆಮೇಲೆ, “ಕಾಪಿ ಇಟ್ಕೊಂಡಿದೀಯಾ?” ಎಂದರು.

ಒಂದು ವರ್ಷವಾಯಿತು. ಅತಿಥಿಗೆ ಆಶ್ರಯದ ಅರ್ಜಿಯ ಸಂದರ್ಶನದ ದಿನ ನಿಗದಿಯಾಗಿಲ್ಲ, ನಮ್ಮ ಗ್ರೀನ್ ಕಾರ್ಡಿನ ಸರದಿಯೂ ಬಂದಿಲ್ಲ. ಪ್ರತಿ ಶನಿವಾರ ನಾನು ವುಡಿನ್‌ವಿಲ್‌ಗೆ ಹೋಗಿ ಅವರನ್ನು ಸಾಮಾನು ತರಲು ಕರೆದುಕೊಂಡು ಹೋಗುತ್ತೇನೆ. ಹೋದ ತಿಂಗಳು ಕಾರಿನಲ್ಲಿ ಕೂತವರೇ ಫೋನು ನನ್ನ ಮುಂದೆ ಹಿಡಿದರು. ಅಮೆರಿಕ ಆ ಸೇನಾ ಸರ್ಕಾರದ ಜೊತೆಗೇ ಸಹಭಾಗಿತ್ವವನ್ನು ಮುಂದುವರಿಸುವುದಾಗಿ ಸಹಿ ಹಾಕಿತ್ತು. ಫೋಟೋದಲ್ಲಿ ಎರಡು ಕಡೆಯವರೂ ನಗುತ್ತಿದ್ದರು.

“ಇದು ನಮ್ಮ ಕಚೇರಿಯ ಮೇಜು” ಎಂದರು. “ಹೋದ ಸಲ ಸಹಿ ಹಾಕುವಾಗ ಇದರ ಮೇಲೆ ಎರಡು ಬಾವುಟ ಇಟ್ಟಿದ್ದು ನಾನು.”

ಅವರು ಸೀಟ್‌ಬೆಲ್ಟ್ ಹಾಕಿಕೊಂಡು, ಮೊದಲು ತರಕಾರಿಗೆ ಹೋಗೋಣ ಎಂದರು.