ನಿಂತು ನಿಂತು ಓದುವ ಹಾಲೇಶ

ಹಿರಿಯೂರು ಮಾರುಕಟ್ಟೆಯಲ್ಲಿ ಹಾಲೇಶನ ಬಾಯಿ ಮುಚ್ಚಿಸಿದವರು ಯಾರೂ ಇಲ್ಲ. ಗೂಡ್ಸ್ ಆಟೋಗೆ ಈರುಳ್ಳಿ ಮೂಟೆ ಹೇರುವಷ್ಟರಲ್ಲಿ ಒಂದು ಜಗಳ ಬಿಡಿಸಿ ಇನ್ನೆರಡು ಹಚ್ಚಿ ಬರುವ ಆಸಾಮಿ. ಅಂಥವನ ಕೈಗೆ ಒಂದು ಪುಸ್ತಕ ಕೊಟ್ಟರೆ ಸಾಕು, ತುಟಿ ಪಿಟಕ್ಕೆನ್ನುವುದಿಲ್ಲ. ಅಕ್ಷರ ಬರುವುದಿಲ್ಲವೆಂದಲ್ಲ. ಬರುತ್ತದೆ, ಆದರೆ ಒಂದೊಂದಾಗಿ, ಹೆಜ್ಜೆಗೊಮ್ಮೆ ಕೂತು ಎದ್ದು ಬರುತ್ತದೆ.

ಅವನ ಊರು ಜವನಗೊಂಡನಹಳ್ಳಿಯ ಅಂಗನವಾಡಿ ಟೀಚರ್ ದಾಕ್ಷಾಯಿಣಿ ಸೋಮವಾರ ಸೋಮವಾರ ಮಕ್ಕಳ ಕೈಯಲ್ಲಿ ಒಂದೊಂದು ಕಥೆಪುಸ್ತಕ ಕೊಟ್ಟು ಮನೆಗೆ ಕಳಿಸತೊಡಗಿದ ಮೇಲೆ ಅವನಿಗೆ ಫಜೀತಿ ಶುರುವಾಯಿತು.

“ದಿನಾ ಹತ್ತು ನಿಮಿಷ ಮಗೂನ ತೊಡೆ ಮೇಲೆ ಕುಂದ್ರುಸ್ಕಂಡು ಓದ್ರಿ. ಯಾರಾದ್ರೂ ಸರಿ, ಮನೇನೋರು ಓದ್ಬೇಕು ಅಷ್ಟೆ,” ಎಂದಿದ್ದರು ಟೀಚರ್.

ಹೆಂಡತಿ ಅನುಸೂಯ ಎಸ್ಸೆಸ್ಸೆಲ್ಸಿ ಪಾಸಾದವಳು, ಸರಾಗವಾಗಿ ಓದುತ್ತಾಳೆ. ಆದರೆ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವಷ್ಟರಲ್ಲಿ ಏಳೂವರೆ, ಬಂದವಳೇ ಮುದ್ದೆಗೆ ಎಸರಿಡಬೇಕು. ಹಾಗಾಗಿ ನಾಲ್ಕು ವರ್ಷದ ತೇಜಸ್ವಿನಿ ಪುಸ್ತಕ ಹಿಡಿದು ಅಪ್ಪನ ತೊಡೆ ಏರಿದಳು. ಹಾಲೇಶ ಬೆರಳಿಟ್ಟು ಓದಿದ. “ಪೊ... ದೆ... ಯ ಹಿಂದೆ... ಹು... ಲಿ.” ಎರಡು ಸಾಲಿಗೇ ಬೆವರಿಳಿಯಿತು. ಮೂಟೆ ಹೊತ್ತರೂ ಅವನು ಅಷ್ಟು ಬೆವರಿದವನಲ್ಲ.

ಹಾಗೆ ತಡವರಿಸುವಾಗೆಲ್ಲ ಅವನಿಗೆ ತೀರಿಹೋದ ಅವ್ವ ಪಾರ್ವತಮ್ಮನ ಪಡಸಾಲೆ ನೆನಪಾಗುತ್ತಿತ್ತು. ಆಗ ಬಿತ್ತನೆಯ ಶೇಂಗಾವನ್ನು ಕೈಯಲ್ಲೇ ಒಡೆದು ಬೀಜ ಮಾಡುತ್ತಿದ್ದರು. ಮುಂಗಾರಿಗೆ ಮುಂಚೆ ಓಣಿಯ ಹೆಂಗಸರೆಲ್ಲ ಬಂದು ರಾಶಿಯ ಸುತ್ತ ಕೂರುವರು. ಎರಡನೇ ಕ್ಲಾಸಿನ ಹಾಲೇಶನಿಗೆ ಕಾಯಿ ಒಡೆಯುವ ಕೆಲಸವಿಲ್ಲ. ಅವನು ಶಾಲೆಯ ಪುಸ್ತಕದಿಂದ ಕಥೆ ಓದಬೇಕು. ಅಕ್ಷರಕ್ಕೆ ಸಿಕ್ಕಿ ನಿಂತರೆ ಅಲ್ಲಿ ಒಬ್ಬರೂ ನಗುತ್ತಿರಲಿಲ್ಲ, ಆ ಅಕ್ಷರ ಅವರಿಗೂ ಗೊತ್ತಿರಲಿಲ್ಲ ನೋಡಿ. ಪಕ್ಕದ ಮನೆ ಮುದ್ದಕ್ಕ ಒಂದು ಹಿಡಿ ಬೀಜ ಅವನ ಜೇಬಿಗೆ ತುರುಕಿ, “ನಿಧಾನಕ್ಕೆ ಓದಪ್ಪ, ಕಾಯಿ ಇನ್ನೂ ರಾಶಿ ಐತೆ,” ಎನ್ನುವಳು. ಎಂಥ ದಿನಗಳು ಅವು! ಹೊಟ್ಟಿನ ಧೂಳು, ಚಟ್ ಚಟ್ ಸದ್ದು, ನಡುವೆ ತನ್ನ ಪುಟ್ಟ ದನಿ. ಅವನ ಓದಿಗೆ ಮರ್ಯಾದೆ ಸಿಕ್ಕಿದ್ದು ಅದೊಂದೇ ಜಾಗದಲ್ಲಿ.

ಆಮೇಲೆ ಒಡೆಯುವ ಮಷಿನ್ ಬಂತು. ಹೆಂಗಸರು ಬರುವುದು ನಿಂತಿತು. ಶಾಲೆಯಲ್ಲೋ, ಎದ್ದು ಓದಿದರೆ ಇಡೀ ಕ್ಲಾಸು ಗೊಳ್ಳೆನ್ನುತ್ತಿತ್ತು. ಐದನೇ ಕ್ಲಾಸಿಗೆ ಹಾಲೇಶ ಶಾಲೆಗೊಂದು ದೊಡ್ಡ ನಮಸ್ಕಾರ ಹಾಕಿದ.

ಒಂದು ಭಾನುವಾರ ಸಂಜೆ ಅನುಸೂಯಳ ತಮ್ಮ ಪ್ರಸನ್ನಕುಮಾರ್ ಚಿತ್ರದುರ್ಗದಿಂದ ಬಂದ. ಬಾಗಿಲಲ್ಲೇ ಭಾವನ ಓದು ಕಿವಿಗೆ ಬಿತ್ತು.

“ಏನ್ ಭಾವ, ಗಾಡಿ ಸ್ಟಾರ್ಟೇ ಆಗ್ತಿಲ್ಲ! ಇಳಿದು ತಳ್ಳಾಣೇನು?”

ಒಳಗಿದ್ದ ಅನುಸೂಯಳಿಗೂ ನಗು ತಡೆಯಲಾಗಲಿಲ್ಲ. ಹಾಲೇಶನೂ ನಕ್ಕ, ಆದರೆ ಮುಖಕ್ಕೆ ಹೊಡೆದಂತಾಗಿತ್ತು. ಮಗಳ ಮುಂದೆ ಮಾನ ಹೋಯಿತು, ಇನ್ನು ಈ ಜನ್ಮದಲ್ಲಿ ಪುಸ್ತಕ ಮುಟ್ಟುವುದಿಲ್ಲ ಎಂದು ಒಳಗೊಳಗೇ ಶಪಥ ಮಾಡಿದ.

“ತಗಳಪ್ಪ ಪ್ರಸನ್ನ, ನೀನೇ ಓದು. ಇನ್ಮ್ಯಾಲೆ ಅವರಮ್ಮ ಓದ್ತಾಳೆ,” ಎಂದು ಪುಸ್ತಕ ದಾಟಿಸಿ ಮಗಳನ್ನು ತೊಡೆಯಿಂದ ಇಳಿಸಿದ.

ಪ್ರಸನ್ನಕುಮಾರ್ ಒಂದೇ ಉಸಿರಿಗೆ ಶುರುಮಾಡಿದ. ಪೊದೆ ಬಂತು, ಹುಲಿ ಬಂತು, ಮೇಕೆಮರಿ ತಪ್ಪಿಸಿಕೊಂಡಿತು, ಕಥೆ ಮುಗಿಯಿತು. ಎರಡು ನಿಮಿಷವೂ ಹಿಡಿಯಲಿಲ್ಲ. ತೇಜಸ್ವಿನಿ ಮುಖ ಗಂಟಿಕ್ಕಿದಳು.

“ಹಂಗಲ್ಲ ಮಾಮ. ಅಪ್ಪ ಓದ್ದಂಗೆ ಓದು.”

“ನಿಮ್ಮಪ್ಪನಿಗೆ ಓದಾಕೆ ಬರಲ್ಲ ಕಣೇ.”

“ಬರ್ತೈತೆ! ಅಪ್ಪ ‘ಹು’ ಅಂತ ನಿಲ್ಲುಸ್ತಾನೆ. ಅವಾಗ ನಾನು ಅಪ್ಪನ ಅಂಗಿ ಹಿಡ್ಕಂತೀನಿ. ಆಮೇಲೆ ‘ಲಿ’ ಅಂತಾನೆ. ನೀನು ಓದಿದ್ರೆ ಹುಲಿ ಹಂಗೇ ಬಂದುಬಿಡ್ತೈತೆ, ಹಿಡ್ಕಳಾಕೆ ಟೈಮೇ ಇಲ್ಲ.”

ಪ್ರಸನ್ನಕುಮಾರ್ ಪುಸ್ತಕ ಮಡಚಿದ. ಅನುಸೂಯ ಒಲೆ ಸಣ್ಣ ಮಾಡಿ ಬಂದು, ತಮ್ಮನ ಕೈಯಿಂದ ಪುಸ್ತಕ ತೆಗೆದು ಗಂಡನ ಮುಂದಿಟ್ಟಳು. “ಓದ್ರಿ, ನಾನೂ ಕೇಳ್ತೀನಿ,” ಎಂದು ಪಕ್ಕದಲ್ಲೇ ಕೂತಳು.

ಮಗಳು ಮತ್ತೆ ತೊಡೆ ಏರಿದಳು. ಹಾಲೇಶ ಮೊದಲಿನಿಂದ ಶುರುಮಾಡಿದ. ವಾರದಿಂದ ಓದಿ ಓದಿ ಆ ಸಾಲು ಅವನಿಗೆ ಬಾಯಿಪಾಠವಾಗಿತ್ತು, ತಡವರಿಸದೆ ಹೇಳಿಬಿಡಬಹುದಿತ್ತು. “ಹು...” ಎಂದು ಬೇಕೆಂದೇ ನಿಂತ. ಪುಟ್ಟ ಮುಷ್ಟಿಯೊಂದು ಅವನ ಅಂಗಿಯನ್ನು ಬಿಗಿಯಾಗಿ ಹಿಡಿಯುವವರೆಗೂ ನಿಂತೇ ಇದ್ದ.