ಪನ್ನೀರು ಚಿಮುಕಿಸುವ ಕಂಡಕ್ಟರ್

ಬೆಳಗಿನ ಐದು ಗಂಟೆಗೆ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಹಸನಬ್ಬನವರನ್ನು ಹುಡುಕುವವರು ಮುಖ ಹುಡುಕಬಾರದು, ಕಾಲು ಹುಡುಕಬೇಕು. ಯಾವುದೋ ಬಸ್ಸಿನ ಡ್ರೈವರ್ ಸೀಟಿನ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿರುತ್ತವೆ. ಉಳಿದ ಹಸನಬ್ಬ ಒಳಗೆ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ವಯರುಗಳ ನಡುವೆ ಇರುತ್ತಾರೆ.

ಇವತ್ತು ಗುರುವಾರ. ಮೊದಲ ಬಸ್ಸು ಐದೂ ಮುಕ್ಕಾಲಿಗೆ ಹೊರಡಬೇಕು, ಹಾರ್ನ್ ಸತ್ತಿದೆ. "ಹಸನಾಕ, ಬ್ರೇಕ್ ಇಲ್ಲದಿದ್ದರೂ ಹೋಗ್ತೇನೆ, ಹಾರ್ನ್ ಇಲ್ಲದೆ ಹೇಗೆ ಹೋಗುವುದು?" ಎನ್ನುತ್ತಾರೆ ಡ್ರೈವರ್ ಸಂದೇಶ್. ಹಸನಬ್ಬನವರ ಬಗ್ಗೆ ಬರೆಯಲೆಂದು ಬಂದ ನಾನು ತಮಾಷೆ ಎಂದೇ ಭಾವಿಸಿ ನಗುತ್ತೇನೆ. ಹತ್ತು ನಿಮಿಷದಲ್ಲಿ ಹಾರ್ನ್ ಜೀವ ತಳೆದು ನಿಲ್ದಾಣದ ನಾಯಿಗಳನ್ನೆಲ್ಲ ಎಬ್ಬಿಸುತ್ತದೆ.

ಹಸನಬ್ಬನವರಿಗೆ ಈಗ ಐವತ್ತೆರಡು. ಇಪ್ಪತ್ತೆಂಟು ವರ್ಷಗಳಿಂದ ಖಾಸಗಿ ಬಸ್ಸುಗಳ ವಯರಿಂಗ್ ಮಾಡುತ್ತಿದ್ದಾರೆ. ಒಂದು ಬಸ್ಸಿಗೆ ಸಣ್ಣದು ದೊಡ್ಡದು ಸೇರಿ ನಲವತ್ತರ ಹತ್ತಿರ ಬಲ್ಬು, ಅದರಲ್ಲಿ ದಿನಕ್ಕೆರಡಾದರೂ ಹೋಗುತ್ತವೆ. ಪ್ರಯಾಣಿಕರಿಗೆ ಡ್ರೈವರ್ ಗೊತ್ತು, ಕಂಡಕ್ಟರ್ ಗೊತ್ತು, ಕಿಟಕಿಯಿಂದ ಕಡಲೆ ಮಾರುವವನೂ ಗೊತ್ತು. ರಾತ್ರಿ ಸರ್ವಿಸಿನ ದೀಪ ಉರಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ.

ಕೆಲಸ ಮುಗಿದ ಮೇಲೆ ಅವರು ನನ್ನನ್ನು ತಮ್ಮ ಅಂಗಡಿಗೆ ಕರೆದೊಯ್ಯುತ್ತಾರೆ. ಹೊರಗಿನಿಂದ ನೋಡಿದರೆ ಸಾಧಾರಣ ಆಟೋ ಎಲೆಕ್ಟ್ರಿಕಲ್ಸ್. ಒಳಗೆ ಹೋದರೆ ಬೇರೆಯೇ ಲೋಕ. ಗೋಡೆಯಲ್ಲಿ ಕೆಟ್ಟ ಫ್ಲಾಪಿಗಳನ್ನು ಜೋಡಿಸಿದ ಗಡಿಯಾರ. ಹಳೆಯ ಟಿವಿಗೆ ಸೇರಿಸಿದ ವಿಡಿಯೊ ಗೇಮು, ಅದನ್ನು ಆಡಲು ಬಸ್ಸಿನದೇ ಸ್ಟಿಯರಿಂಗು. ಟ್ರಿಪ್ಪಿನ ನಡುವೆ ಡ್ರೈವರುಗಳು ಬಂದು ಆಡುತ್ತಾರೆ. ಹದಿನೆಂಟು ವರ್ಷ ಒಂದು ಕೋಳಿಯನ್ನೂ ತಾಗಿಸದ ಡ್ರೈವರೊಬ್ಬರು ಇಲ್ಲಿ ಮೂರೇ ನಿಮಿಷದಲ್ಲಿ ಕಾರನ್ನು ಸಮುದ್ರಕ್ಕೆ ಬೀಳಿಸಿ, ಮುಖ ಸಣ್ಣ ಮಾಡಿಕೊಂಡು ಎದ್ದುಹೋದದ್ದನ್ನು ನಾನೇ ಕಂಡೆ.

ಮೂಲೆಯಲ್ಲಿ, ಬೆಡ್‌ಶೀಟ್ ಹೊದ್ದು ನಿಂತಿದೆ ಆ ಆಸಾಮಿ. ಹೊದಿಕೆ ಸರಿಸುವಾಗ ಹಸನಬ್ಬನವರ ದನಿ ತಗ್ಗುತ್ತದೆ. "ಇದು ಕಂಡಕ್ಟರ್."

ಐದಡಿ ಎತ್ತರದ ರೋಬೋಟು. ತಲೆ ಗಲ್ಫಿನಿಂದ ಬಂದ ಹಾಲಿನ ಪುಡಿಯ ಡಬ್ಬಿ, ಹೊಟ್ಟೆ ಎಣ್ಣೆ ಟಿನ್ನು, ಕಣ್ಣು ಬಸ್ಸಿನ ಇಂಡಿಕೇಟರ್. ಎದೆಯ ಮೇಲಿನ ಗುಂಡಿಗಳು ಉಜಿರೆಯ ಕಂಪ್ಯೂಟರ್ ಸೆಂಟರೊಂದು ಎಸೆದ ಕೀಬೋರ್ಡಿನವು. ಮೈಮೇಲೆ ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ. ಬಲಗೈಯಲ್ಲಿ ತೂತಿನ ಮುಚ್ಚಳದ ಸ್ಟೀಲ್ ಚೊಂಬು. ಮದುವೆ ಹಾಲಿನ ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸುವುದು ಇದರ ಉದ್ಯೋಗ.

ಇದರ ಕನಸು ಹುಟ್ಟಿದ್ದು ತೊಂಬತ್ತೊಂದರಲ್ಲಿ. ಸೌದಿಯ ದಮ್ಮಾಮಿನಲ್ಲಿದ್ದ ಭಾವ ಅಶ್ರಫ್ ಊರಿಗೆ ಬರುವಾಗ ಒಂದು ಕಟ್ಟು ಇಂಗ್ಲಿಷ್ ಚಿತ್ರಕಥೆ ಪುಸ್ತಕ ತಂದರು, ಗಾಜಿನ ಸಾಮಾನು ಒಡೆಯದಂತೆ ಸುತ್ತಲು. ಗಾಜಿನ ಸಾಮಾನು ಯಾರ್ಯಾರ ಮನೆಗೋ ಹೋಯಿತು, ಪುಸ್ತಕ ಹಸನಬ್ಬನವರಿಗೆ ಉಳಿಯಿತು.

"ನಾನು ಶಾಲೆಗೆ ಹೋದದ್ದು ಐದನೇವರೆಗೆ. ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲ. ಚಿತ್ರ ನೋಡಿ ಕಥೆ ನಾನೇ ಮಾಡಿಕೊಂಡೆ. ಒಂದು ದೊಡ್ಡ ಕಬ್ಬಿಣದ ಮನುಷ್ಯ ಊರಿಗೆ ಬರ್ತಾನೆ, ಜನ ಎಲ್ಲ ಕೈ ಎತ್ತಿ ಓಡಿ ಬರ್ತಾರೆ. ಅವನನ್ನು ಸ್ವಾಗತ ಮಾಡಲಿಕ್ಕೆ ಅಂತ ಗ್ರಹಿಸಿದೆ. ಹತ್ತು ವರ್ಷ ಹಾಗೆಯೇ ಗ್ರಹಿಸಿದ್ದೆ. ಆಮೇಲೆ ಓದಿದವರೊಬ್ಬರು ಹೇಳಿದರು, ಅವನು ಊರು ಸುಡಲಿಕ್ಕೆ ಬಂದವನು, ಜನ ಓಡುವುದು ಜೀವ ಉಳಿಸಲಿಕ್ಕೆ ಅಂತ. ಇರಲಿ, ಅಲ್ಲಿ ಎಂತ ಮಾಡಿದ್ದಾನೋ, ನಮ್ಮಲ್ಲಿ ಒಳ್ಳೆಯವನಾಗಿ ಇದ್ದಾನೆ."

ಹೆಂಡತಿ ಬೀಪಾತುಮ್ಮ ಚಹಾ ತಂದಿಟ್ಟು ತಮ್ಮ ಅಹವಾಲನ್ನೂ ಇಡುತ್ತಾರೆ. "ಮನೆಯ ಮಿಕ್ಸಿ ಹಾಳಾಗಿ ಎರಡು ತಿಂಗಳಾಯ್ತು. ಅದರ ಮೋಟರು ಎಲ್ಲಿ ಹೋಯ್ತು ಅಂತ ನೀವೇ ಕೇಳಿ." ಹಸನಬ್ಬ ಫ್ಲಾಪಿ ಗಡಿಯಾರ ನೋಡುತ್ತಾ ಕೂರುತ್ತಾರೆ. ನಾನೂ ಕೇಳಲು ಹೋಗಲಿಲ್ಲ.

ನಗುವಿನ ಮಾತು ಇಷ್ಟೇ. ಈ ಭಾನುವಾರ ಏನಾಗುವುದೋ ಎಂಬ ಚಿಂತೆ ಮನೆಯಲ್ಲಿ ಎಲ್ಲರಿಗೂ ಇದೆ.

ಕಳೆದ ವರ್ಷದ ಮೇ ತಿಂಗಳ ಮಾತು. ಬೆಳ್ತಂಗಡಿಯ ಬಸ್ ಮಾಲೀಕ ಸುಬ್ಬಯ್ಯನವರ ದೊಡ್ಡ ಮಗಳ ಮದುವೆ. ಅವರ ನಾಲ್ಕೂ ಬಸ್ಸುಗಳ ವಯರಿಂಗ್ ಹಸನಬ್ಬನವರದೇ, ಅಂದರೆ ದುಡಿಮೆಯ ಅರ್ಧ ಅಲ್ಲಿಂದಲೇ. ಆ ಅಭಿಮಾನಕ್ಕೆ ಕಂಡಕ್ಟರನನ್ನು ಹಾಲಿನ ಬಾಗಿಲಲ್ಲಿ ನಿಲ್ಲಿಸಿದರು. ನೂರಾರು ಜನಕ್ಕೆ ಪನ್ನೀರು ಚೆನ್ನಾಗಿಯೇ ಬಿತ್ತು. ಅಷ್ಟರಲ್ಲಿ ವರನ ದೊಡ್ಡಪ್ಪ, ನಾರಾವಿಯ ನಿವೃತ್ತ ಹೆಡ್‌ಮಾಸ್ಟರ್ ಕಮಲಾಕ್ಷ ಬಂದರು. ಹಿರಿಯರು, ರೇಷ್ಮೆ ಶಾಲಿನವರು, ಆರಾಮವಾಗಿ ದಾಟಲಿ ಎಂದು ಹಸನಬ್ಬ ಮರ್ಯಾದೆಗೆ ಸ್ವಿಚ್ಚು ಆಫ್ ಮಾಡಿದರು. ಕೈ ನಿಲ್ಲಲಿಲ್ಲ. ಮತ್ತೊಂದು ಸುತ್ತು ಬಂದು ಮಾಸ್ಟ್ರ ತಲೆಯ ಮೇಲೆ ಚಾಚಿಕೊಂಡು ನಿಂತಿತು, ಚೊಂಬಿನ ಮುಚ್ಚಳ ಜಾರಿತು, ಒಂದು ಲೀಟರ್ ಪನ್ನೀರು ಪೂರ್ತಿ ಖಾಲಿಯಾಯಿತು.

ಆದದ್ದಿಷ್ಟು: ಕಂಡಕ್ಟರನ ಕೈ ತಿರುಗಿಸುವುದು ಬಸ್ಸಿನ ವೈಪರ್ ಮೋಟರು. ಡ್ರೈವರ್ ಸ್ವಿಚ್ಚು ಆಫ್ ಮಾಡಿದರೂ ವೈಪರು ಗಾಜಿನ ನಡುವೆ ನಿಲ್ಲದೆ ಅಂಚಿಗೆ ಬಂದು ಮಲಗುವಂತೆ ಅದರಲ್ಲೊಂದು ವಯರ್ ಇರುತ್ತದೆ, ಪಾರ್ಕಿಂಗ್ ವಯರ್. ರೋಬೋಟಿಗೆ ಅದು ಬೇಕಿರಲಿಲ್ಲ. ಆದರೆ ವೈಪರ್ ಮೋಟರು ಕೈಗೆ ಬಂದರೆ ಹಸನಬ್ಬ ಆ ವಯರನ್ನು ಜೋಡಿಸದೆ ಬಿಟ್ಟವರಲ್ಲ. ಅಭ್ಯಾಸಬಲದಿಂದ ಅವರ ಕೈ ತಾನಾಗಿ ಜೋಡಿಸಿಬಿಟ್ಟಿತ್ತು. ಅಂಗಡಿಯಲ್ಲಿ ಪರೀಕ್ಷೆ ಮಾಡಿದ್ದು ಖಾಲಿ ಚೊಂಬಿನಲ್ಲಿ.

ಮದುವೆ ಹಾಲಿನಲ್ಲೆಲ್ಲ ನಗು. ಸುಬ್ಬಯ್ಯನವರೊಬ್ಬರು ನಗಲಿಲ್ಲ. ಬೀಗರ ಎದುರು ಮಾನ ಹೋಯಿತೆಂದು ಅವರು ಮಾರನೆಯ ದಿನವೇ ನಾಲ್ಕೂ ಬಸ್ಸುಗಳನ್ನು ಬೇರೆ ಕಡೆ ಕಳಿಸಿದರು. "ಆಟಿಕೆಯ ಮರ್ಲು ಹಿಡಿದವನಿಗೆ ಬಸ್ಸು ಹೇಗೆ ಕೊಡುವುದು?" ಎಂಬ ಅವರ ಮಾತು ನಿಲ್ದಾಣದಲ್ಲೆಲ್ಲ ಸುತ್ತಾಡಿತು.

ಜೂನ್ ಬಂತು, ಮಳೆ ಹೊಡೆಯಿತು. ಹೊಸಬರು ಜೋಡಿಸಿದ ವೈಪರುಗಳು ನಿಲ್ಲಿಸಿದಲ್ಲೇ ನಿಂತವು, ಸರಿಯಾಗಿ ಡ್ರೈವರ್ ಕಣ್ಣಿನೆದುರು. ಸುಬ್ಬಯ್ಯನವರಲ್ಲೇ ದುಡಿಯುವ ಸಂದೇಶ್ ಧಣಿಗಳಿಗೆ ತಿಳಿಯದಂತೆ ಬಸ್ಸು ತಂದರು. ಆಮೇಲೆ ಉಳಿದ ಮೂವರು ಡ್ರೈವರುಗಳೂ ತಂದರು. "ಆ ಒಂದು ವಯರ್ ಯಾರಿಗೂ ಕಾಣುವುದಿಲ್ಲ. ಆದರೆ ಅದು ಇಲ್ಲದಿದ್ದರೆ ಮಳೆಯಲ್ಲಿ ಗೊತ್ತಾಗ್ತದೆ" ಎನ್ನುತ್ತಾರೆ ಸಂದೇಶ್. ಹೀಗೆ ಕದ್ದುಮುಚ್ಚಿ ಒಂದು ಮಳೆಗಾಲ ಕಳೆಯಿತು. ಹಾರ್ನ್, ದೀಪಗಳ ರಿಪೇರಿಯೂ ಇವತ್ತಿನವರೆಗೆ ಹಾಗೆಯೇ ನಡೆದಿದೆ.

ಈಗ ಸುಬ್ಬಯ್ಯನವರ ಚಿಕ್ಕ ಮಗಳು ದೀಪಶ್ರೀಯ ಮದುವೆ. ಉಜಿರೆಯಲ್ಲಿ ಓದಿದ ಹುಡುಗಿ, ಅಕ್ಕನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವಳು. "ಕಂಡಕ್ಟರ್ ಬಾರದಿದ್ದರೆ ನಾನು ಮಂಟಪಕ್ಕೆ ಬರುವುದಿಲ್ಲ" ಎಂದು ಹಟ ಹಿಡಿದಿದ್ದಾಳೆ. ಸುಬ್ಬಯ್ಯ ಒಪ್ಪಿದರು, ಷರತ್ತಿನ ಮೇಲೆ: ಸರಿಯಾಗಿ ನಡೆದರೆ ನಾಲ್ಕೂ ಬಸ್ಸು ವಾಪಸು, ಈ ಸಲವೂ ಕೆಟ್ಟರೆ ಇನ್ನು ಡ್ರೈವರುಗಳು ಕದ್ದು ತರುವುದೂ ನಿಲ್ಲಬೇಕು. ಅವರಿಗೆ ಅದೂ ಗೊತ್ತಿತ್ತು.

"ಆ ವಯರ್ ಕತ್ತರಿಸಿಬಿಟ್ಟರೆ ಮುಗಿಯಿತಲ್ಲ?" ಎಂದು ನಾನು ಬುದ್ಧಿ ಹೇಳುತ್ತೇನೆ.

ಹಸನಬ್ಬ ತಲೆಯಾಡಿಸುತ್ತಾರೆ. "ಕತ್ತರಿ ಹಿಡಿದು ಎರಡು ಸಲ ಕೂತೆ. ಕೈ ಬರುವುದಿಲ್ಲ ಮಾರಾಯ್ರೇ. ಹಾಗೆ ಕತ್ತರಿಸಿದರೆ ಕಂಡಕ್ಟರನ ಕೈ ಎಲ್ಲೆಂದರಲ್ಲಿ ನಿಲ್ತದೆ. ಅದು ಕೆಲಸ ಅಲ್ಲ. ಬೇರೆ ಒಂದು ಉಪಾಯ ಮಾಡಿದ್ದೇನೆ, ಭಾನುವಾರ ನೋಡುವ."

ಭಾನುವಾರ ಮೂಡುಬಿದಿರೆಯ ಮದುವೆ ಹಾಲು. ಹತ್ತು ಗಂಟೆಗೆಲ್ಲ ಕಂಡಕ್ಟರ್ ಕಣ್ಣು ಮಿಟುಕಿಸುತ್ತಾ ಕೆಲಸ ಶುರುಮಾಡಿದ್ದಾನೆ. ಚೊಂಬಿನ ಮುಚ್ಚಳಕ್ಕೆ ಈ ಸಲ ಎರಡು ಸ್ಕ್ರೂ. ಪನ್ನೀರಿಗಾಗಿ ಸಾಲಿನಲ್ಲಿ ಎರಡನೆಯ ಸಲ ಬರುವವರೂ ಇದ್ದಾರೆ. ಬಾಗಿಲ ಪಕ್ಕದಲ್ಲಿ ಸುಬ್ಬಯ್ಯ ಕೈಕಟ್ಟಿ ನಿಂತಿದ್ದಾರೆ. ಬೀಪಾತುಮ್ಮ ಕಂಬದ ಹಿಂದೆ.

ಹತ್ತೂವರೆಗೆ ಕಮಲಾಕ್ಷ ಮಾಸ್ಟ್ರು ಬರುತ್ತಾರೆ. ಶಾಲು ಮನೆಯಲ್ಲೇ ಬಿಟ್ಟು ಬಂದಿದ್ದಾರೆ, ತಲೆಯ ಮೇಲೆ ಟವೆಲು. ರೋಬೋಟಿನ ಎದುರು ಬಂದು ಸುಮ್ಮನೆ ನಿಲ್ಲುತ್ತಾರೆ. ಸ್ವಿಚ್ಚು ಮುಟ್ಟದೆ ಬಿಟ್ಟರೆ ನಾಲ್ಕು ಹನಿ ಬಿದ್ದು ಮುಗಿಯುತ್ತದೆ, ಅದೇ ಕ್ಷೇಮ. ಆದರೆ ಹಿರಿಯರು ಎದುರು ನಿಂತಿದ್ದಾರೆ. ಹಸನಬ್ಬ ಸ್ವಿಚ್ಚು ಆಫ್ ಮಾಡುತ್ತಾರೆ.

ಕೈ ನಿಲ್ಲುವುದಿಲ್ಲ. ಮೇಲೆ ಹೋಗುತ್ತದೆ, ಮಾಸ್ಟ್ರ ಟವೆಲಿನ ಮೇಲೆ ಎರಡು ಹನಿ ಬೀಳುತ್ತವೆ, ಸುಬ್ಬಯ್ಯ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಅಷ್ಟರಲ್ಲಿ ಕೈ ಮಡಚಿಕೊಂಡು ನಿಧಾನವಾಗಿ ಹಿಂದೆ ಬಂದು ಖಾಕಿ ಅಂಗಿಯ ಎದೆಗೆ ತಾಗಿ ನಿಲ್ಲುತ್ತದೆ. ನಮ್ಮ ಕಡೆ ಹಿರಿಯರನ್ನು ಕಂಡಾಗ ಎದೆಗೆ ಕೈಯಿಡುವುದಿಲ್ಲವೇ, ಥೇಟ್ ಹಾಗೆ. ಮೋಟರಿನ ಶಾಫ್ಟಿನಿಂದ ಕೈಯನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಕೂರಿಸಿದ್ದರಂತೆ. ಹಸನಬ್ಬನವರ ಉಪಾಯ ಅಷ್ಟೇ.

ಮಾಸ್ಟ್ರು ಟವೆಲು ತೆಗೆಯುತ್ತಾರೆ. ಹಾಲಿನ ಪುಡಿಯ ಡಬ್ಬಿಯ ಮುಖವನ್ನು ಒಂದು ಗಳಿಗೆ ನೋಡಿ, ತಮ್ಮ ಬಲಗೈಯನ್ನೂ ಎದೆಗಿಟ್ಟು ತಲೆಬಾಗಿ ಒಳಗೆ ಹೋಗುತ್ತಾರೆ.

ಊಟದ ಹೊತ್ತಿಗೆ ಸುಬ್ಬಯ್ಯ ಬಂದು, "ನಾಳೆ ಐದು ಗಂಟೆಗೆ ನಾಲ್ಕೂ ಬಸ್ಸು ನಿನ್ನಲ್ಲಿಗೆ ಬರ್ತದೆ ಹಸನಬ್ಬ. ಊಟ ಮಾಡಿ ಹೋಗು" ಎಂದಷ್ಟೇ ಹೇಳಿ ಹೋದರು. ಕಂಬದ ಹಿಂದಿನಿಂದ ಬೀಪಾತುಮ್ಮ ಹೊರಬಂದು ಕಣ್ಣೊರೆಸಿಕೊಂಡರು.

"ಬಸ್ಸು ವಾಪಸು ಬಂತಲ್ಲ, ಸಂತೋಷವಾಯ್ತಾ?" ಎಂದು ಕೇಳುತ್ತೇನೆ. ಹಸನಬ್ಬ ಕಂಡಕ್ಟರನ ಅಂಗಿಯ ಮೇಲೆ ಬಿದ್ದ ಪನ್ನೀರನ್ನು ಒರೆಸುತ್ತಿದ್ದಾರೆ.

"ಬಸ್ಸು ಬಂದದ್ದು ಸಂತೋಷವೇ, ಅನ್ನ ಅಲ್ವಾ. ಆದರೆ ಮಾಸ್ಟ್ರು ತಿರುಗಿ ಎದೆಗೆ ಕೈ ಇಟ್ಟದ್ದು ನೀವು ನೋಡಿದಿರಾ? ಡಬ್ಬಿಗೆ ಯಾರಾದರೂ ಮರ್ಯಾದೆ ಕೊಡ್ತಾರಾ? ಅದು ನನಗೆ ಕೊಟ್ಟದ್ದು."